ಮತ್ತೆ ಮತ್ತೆ ಬಳಸುವ ವೈದ್ಯಕೀಯ ಉಪಕರಣ ತೊಳೆಯುವುದು ಹೇಗೆ? ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ನೆಬ್ಯುಲೈಸರ್ ಇಟ್ಟುಕೊಂಡವರು, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರು, ಕಾಫಿ ಎಸ್ಟೇಟಿನ ಡಿಸ್ಪೆನ್ಸರಿ ನಡೆಸುವ ಸಿಸ್ಟರ್‌ಗಳು, ಸಣ್ಣ ಕ್ಲಿನಿಕ್ಕಿಗೆ ಹೊಸದಾಗಿ ಕೆಲಸಕ್ಕೆ ಸೇರಿದವರು. ಇವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಉಪಕರಣ ಶುದ್ಧವಾಗಬೇಕು, ಹಾಳೂ ಆಗಬಾರದು. ಎರಡನ್ನೂ ಒಟ್ಟಿಗೆ ಸಾಧಿಸಬಹುದು. ಆಸ್ಪತ್ರೆಯಲ್ಲಿ ಉಪಕರಣ ತೊಳೆಯುವ ಕೆಲಸವನ್ನೇ ಮಾಡಿಕೊಂಡು ಬಂದ ನರ್ಸ್ ಆಗಿ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಉಪಕರಣದ ಜೊತೆ ಬಂದ ಕೈಪಿಡಿಯಲ್ಲಿ ಬೇರೆ ಏನಾದರೂ ಹೇಳಿದ್ದರೆ ಕೈಪಿಡಿಯ ಮಾತನ್ನೇ ಕೇಳಿ.

ಔಷಧಿ ನೀರಲ್ಲಿ ಅದ್ದಿಟ್ಟರೆ ಸಾಕಲ್ವಾ? ಉಜ್ಜಿ ತೊಳೆಯಲೇಬೇಕಾ?

ತೊಳೆಯಲೇಬೇಕು. ರಕ್ತ, ಕಫ, ಕೀವು ಒಣಗಿದರೆ ಉಪಕರಣದ ಮೇಲೆ ಒಂದು ಪದರ ಕಟ್ಟುತ್ತದೆ. ರೋಗಾಣು ಅದರ ಅಡಿಯಲ್ಲಿ ಬೆಚ್ಚಗೆ ಕೂತಿರುತ್ತದೆ. ಮೇಲಿಂದ ಕ್ಲೋರಿನ್ ನೀರು ಹಾಕಿದರೆ ಆ ಕ್ಲೋರಿನ್ ಕೊಳೆಯ ಜೊತೆಗೇ ಸೇರಿ ಖರ್ಚಾಗಿಹೋಗುತ್ತದೆ, ಒಳಗಿನ ರೋಗಾಣುವಿನವರೆಗೆ ತಲುಪುವುದೇ ಇಲ್ಲ. ಗ್ಲುಟರಾಲ್ಡಿಹೈಡ್ ಎಂಬ ಬಲವಾದ ಸೋಂಕುನಿವಾರಕದ್ದು ಇನ್ನೂ ಕಷ್ಟ. ಅದು ರಕ್ತದ ಪ್ರೋಟೀನನ್ನು ಲೋಹಕ್ಕೆ ಅಂಟಿಸಿಬಿಡುತ್ತದೆ, ಆಮೇಲೆ ಉಜ್ಜಿದರೂ ಬಿಡುವುದಿಲ್ಲ.

ಕ್ರಮ ಹೀಗಿರಲಿ. ಬಳಸಿದ ತಕ್ಷಣ ತಣ್ಣೀರಿನಲ್ಲಿ ಜಾಲಿಸಿ. ಆಮೇಲೆ ಸೌಮ್ಯ ಸೋಪಿನ ನೀರಿನಲ್ಲಿ ಮೆತ್ತನೆ ಬ್ರಷ್ ಹಾಕಿ ತೊಳೆಯಿರಿ. ಮತ್ತೆ ಜಾಲಿಸಿ, ನೀರು ಸೋರಿಸಿ. ಸೋಂಕುನಿವಾರಕದ ಸರದಿ ಬರುವುದು ಇಷ್ಟಾದ ಮೇಲೆ. ಮೊದಲೇ ಬಿಸಿನೀರು ಸುರಿಯಬೇಡಿ, ರಕ್ತ ಬೆಂದು ಹೆಪ್ಪುಗಟ್ಟಿ ಅಂಟುತ್ತದೆ.

ಹಿಂದೆ ತೊಳೆಯುವ ಮೊದಲೇ ಹೈಪೋದಲ್ಲಿ (ಸೋಡಿಯಂ ಹೈಪೋಕ್ಲೋರೈಟ್ ಎಂಬ ಕ್ಲೋರಿನ್ ದ್ರಾವಣ) ನೆನೆಸಿಡುವ ರೂಢಿ ಎಲ್ಲ ಕಡೆ ಇತ್ತು, ಈಗಲೂ ಬಹಳ ಕಡೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಕೈಪಿಡಿ ಅದನ್ನು ಬೇಡ ಎನ್ನುತ್ತದೆ. ಉಪಕರಣ ತುಕ್ಕು ಹಿಡಿಯುತ್ತದೆ, ರಕ್ತ ಇರುವಾಗ ಔಷಧಿ ಸರಿಯಾಗಿ ಕೆಲಸವೂ ಮಾಡುವುದಿಲ್ಲ ಎಂಬುದು ಕಾರಣ.

ಸ್ವಲ್ಪ ಗೀರು ಬಿದ್ದರೆ, ಬಣ್ಣ ಮಾಸಿದರೆ ಏನು ನಷ್ಟ? ಕೆಲಸ ಮಾಡಿದರೆ ಸಾಕಲ್ವಾ?

ಬಣ್ಣ ಮಾಸಿದ್ದಕ್ಕೆ ಚಿಂತೆ ಬೇಡ. ಗೀರು, ಬಿರುಕು, ಗುಳಿ ಬಿದ್ದರೆ ಮಾತ್ರ ಚಿಂತೆ ಮಾಡಬೇಕು. ನಯವಾದ ಮೇಲ್ಮೈಯಿಂದ ಕೊಳೆ ಸುಲಭವಾಗಿ ಬಿಡುತ್ತದೆ. ಬಿರುಕಿನೊಳಗೆ ಹೋದ ಕೊಳೆಗೆ ಬ್ರಷ್ ಮುಟ್ಟುವುದಿಲ್ಲ, ಔಷಧಿಯೂ ಮುಟ್ಟುವುದಿಲ್ಲ. ಜಾಸ್ತಿ ಶುದ್ಧ ಆಗಲಿ ಎಂದು ಸ್ಟೀಲ್ ಜುಂಗು ಹಾಕಿ ಉಜ್ಜಿದವರು ರೋಗಾಣುವಿಗೆ ಮನೆ ಕಟ್ಟಿಕೊಟ್ಟ ಹಾಗಾಯಿತು. ಮೇಲ್ಮೈ ಕಾಪಾಡುವುದೂ ಸೋಂಕು ತಡೆಯುವ ಕೆಲಸವೇ, ದುಡ್ಡು ಉಳಿಸುವ ಮಾತು ಆಮೇಲಿನದು. ಈ ಪುಟದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದೂ ಅದನ್ನೇ.

ಎಲ್ಲವನ್ನೂ ಒಂದೇ ರೀತಿ ಶುದ್ಧ ಮಾಡಬೇಕಾ?

ಇಲ್ಲ. ಅರ್ಲ್ ಸ್ಪಾಲ್ಡಿಂಗ್ ಎಂಬ ಅಮೆರಿಕದ ವಿಜ್ಞಾನಿ 1968ರಲ್ಲಿ ಹೇಳಿದ ವಿಂಗಡಣೆಯನ್ನೇ ಇವತ್ತಿಗೂ ಆಸ್ಪತ್ರೆಗಳು ಅನುಸರಿಸುತ್ತವೆ. ಗಾಯದೊಳಗೆ, ರಕ್ತನಾಳದೊಳಗೆ ಹೋಗುವ ಉಪಕರಣದಲ್ಲಿ ಒಂದೇ ಒಂದು ರೋಗಾಣುವೂ ಇರಬಾರದು, ಅದಕ್ಕೆ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಯಂತ್ರ) ಬೇಕು. ಬಾಯಿ, ಗಂಟಲಿನ ಒಳಪೊರೆ ಮುಟ್ಟುವ ಉಪಕರಣಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ, ಆದರೂ ಬಲವಾದ ಸೋಂಕುನಿವಾರಣೆ ಬೇಕು. ಗಾಯವಿಲ್ಲದ ಚರ್ಮ ಮಾತ್ರ ಮುಟ್ಟುವ ಬಿ.ಪಿ. ಪಟ್ಟಿ, ಸ್ಟೆಥಾಸ್ಕೋಪ್, ಗಾಲಿಕುರ್ಚಿ ಇವನ್ನು ಚೆನ್ನಾಗಿ ತೊಳೆದೋ ಒರೆಸಿಯೋ ಸಾಮಾನ್ಯ ಸೋಂಕುನಿವಾರಕ ಹಾಕಿದರೆ ಸಾಕು. ಗಾಲಿಕುರ್ಚಿಗೆ ಗ್ಲುಟರಾಲ್ಡಿಹೈಡ್ ಬಳಿಯುವುದು ದಂಡ, ಅದರ ಹೊಗೆ ಕುಡಿಯುವವರಿಗೆ ಕಷ್ಟ ಬೇರೆ.

ಹೈಪೋ ಎಷ್ಟು ಹಾಕಬೇಕು? ಜಾಸ್ತಿ ಹಾಕಿದರೆ ಒಳ್ಳೆಯದಾ?

ಜಾಸ್ತಿ ಹಾಕಿದರೆ ಒಳ್ಳೆಯದಲ್ಲ. ಮೊದಲು ಬಾಟಲಿಯ ಮೇಲೆ ಶೇಕಡಾ ಎಷ್ಟು ಎಂದು ಬರೆದಿದೆ ನೋಡಿ. ಆ ಸಂಖ್ಯೆಯನ್ನು ನಿಮಗೆ ಬೇಕಾದ ಶೇಕಡಾದಿಂದ ಭಾಗಿಸಿ, ಬಂದದ್ದರಲ್ಲಿ ಒಂದು ಕಳೆಯಿರಿ. ಒಂದು ಪಾಲು ಹೈಪೋಗೆ ಅಷ್ಟು ಪಾಲು ನೀರು. ಉದಾಹರಣೆಗೆ ಬಾಟಲಿ ಶೇ. 5ರದ್ದು, ನಿಮಗೆ ಬೇಕಾದದ್ದು ಶೇ. 0.5 ಎಂದಿಟ್ಟುಕೊಳ್ಳಿ. ಒಂದು ಲೋಟ ಹೈಪೋಗೆ ಒಂಬತ್ತು ಲೋಟ ನೀರು. ರಕ್ತ ಚೆಲ್ಲಿದ ನೆಲಕ್ಕೆ ಇಷ್ಟು ಬಲ ಬೇಕು. ರಕ್ತವನ್ನು ಮೊದಲು ಬಟ್ಟೆಯಲ್ಲಿ ಹೀರಿಸಿ ತೆಗೆದು, ಆಮೇಲೆ ಹೈಪೋ ಹಾಕಿ 10 ನಿಮಿಷ ಬಿಡಿ. ಮಂಚ, ಮೇಜು ಒರೆಸಲು ಶೇ. 0.1 ಸಾಕು, ಅಂದರೆ ಅದೇ ಒಂದು ಲೋಟಕ್ಕೆ 49 ಲೋಟ ನೀರು.

ಸ್ಟೀಲ್ ತುಕ್ಕು ಹಿಡಿಯದೆ ಉಳಿಯುವುದಕ್ಕೆ ಅದರ ಮೇಲಿರುವ ಕ್ರೋಮಿಯಂ ಆಕ್ಸೈಡಿನ ಪದರ ಕಾರಣ. ಕಣ್ಣಿಗೆ ಕಾಣದಷ್ಟು ತೆಳು ಅದು. ಹೈಪೋದಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ತೂತು ಮಾಡುತ್ತದೆ, ತೂತಾದ ಕಡೆ ಗುಳಿ ಬೀಳುತ್ತದೆ. ರಾತ್ರಿ ಹೈಪೋದಲ್ಲಿ ಹಾಕಿಟ್ಟು ಬೆಳಿಗ್ಗೆ ತೆಗೆದ ಕತ್ತರಿಯ ಕೀಲಿನಲ್ಲಿ ಕಂದು ಚುಕ್ಕೆ ಕಾಣುವುದು ಇದಕ್ಕೇ. ಸಲೈನ್ ನೀರಿನಲ್ಲಿ ಇರುವುದು ಉಪ್ಪು, ಅದೂ ಕ್ಲೋರೈಡೇ. ಆದ್ದರಿಂದ ಡ್ರೆಸ್ಸಿಂಗ್ ಮುಗಿದ ಮೇಲೆ ಫೋರ್ಸೆಪ್ಸನ್ನು (ವೈದ್ಯಕೀಯ ಇಕ್ಕಳ) ಸಲೈನ್ ಬಟ್ಟಲಿನಲ್ಲೇ ಬಿಟ್ಟು ಹೋಗಬೇಡಿ.

ಬೆರೆಸಿದ ಹೈಪೋ ಆ ದಿನಕ್ಕೆ ಮಾತ್ರ. ಬ್ಲೀಚಿಂಗ್ ಪುಡಿ ಬಳಸುವವರು ಇನ್ನೂ ಎಚ್ಚರವಾಗಿರಬೇಕು. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರ ಕಡೆ ಬಾಯಿ ಬಿಚ್ಚಿಟ್ಟ ಪುಡಿ ತೇವ ಎಳೆದು ಗಂಟು ಕಟ್ಟುತ್ತದೆ. ವಾಸನೆ ಇದ್ದ ಮಾತ್ರಕ್ಕೆ ಬಲ ಇದೆ ಅನ್ನುವ ಹಾಗಿಲ್ಲ.

ಫೋರ್ಸೆಪ್ಸ್ ಮೇಲೆ ಕಂದು ಕಲೆ ಬಂದಿದೆ. ತುಕ್ಕಾ, ಬರೀ ಕಲೆಯಾ?

ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದುಕೊಂಡು ಕಲೆಯ ಮೇಲೆ ಉಜ್ಜಿ. ಕಲೆ ಹೋಗಿ ಕೆಳಗೆ ನಯವಾದ ಲೋಹ ಕಂಡರೆ ಅದು ನೀರಿನದೋ ಸೋಪಿನದೋ ಕಲೆ, ಭಯವಿಲ್ಲ. ಕಲೆ ಹೋದ ಮೇಲೆ ಸಣ್ಣ ಗುಳಿ ಕಂಡರೆ ಅದು ತುಕ್ಕು. ಬೆಳಕಿಗೆ ಓರೆಯಾಗಿ ಹಿಡಿದರೆ ಗುಳಿ ಸ್ಪಷ್ಟವಾಗಿ ಕಾಣುತ್ತದೆ. ಅಂಥದ್ದನ್ನು ಬೇರೆ ಉಪಕರಣದ ಜೊತೆ ಆಟೋಕ್ಲೇವಿಗೆ ಹಾಕಬೇಡಿ, ತುಕ್ಕು ಒಳ್ಳೆಯ ಉಪಕರಣಕ್ಕೂ ಅಂಟುತ್ತದೆ. ಕ್ರೋಮ್ ಲೇಪ ಸುಲಿದ ಹಳೇ ಉಪಕರಣವನ್ನೂ ಬೇರೆಯೇ ಇಡಿ.

ತೊಳೆಯುವಾಗ ಕೀಲು ಪೂರ್ತಿ ಬಿಚ್ಚಿರಲಿ. ಫೋರ್ಸೆಪ್ಸಿನ ಹಲ್ಲು, ಕೀಲಿನ ಸಂದು, ಹಿಡಿಯ ಹತ್ತಿರದ ಲಾಕ್, ಈ ಮೂರು ಕಡೆ ಕೊಳೆ ಉಳಿಯುತ್ತದೆ. ನೈಲಾನ್ ಬ್ರಷ್ ಹಾಕಿ, ನೀರಿನೊಳಗೆ ಮುಳುಗಿಸಿಕೊಂಡೇ ಉಜ್ಜಿ. ನೀರಿನ ಮೇಲೆ ಉಜ್ಜಿದರೆ ಹನಿ ಹಾರಿ ಮುಖಕ್ಕೆ ಬೀಳುತ್ತದೆ. ಪಾತ್ರೆ ಸೋಪು, ಬಟ್ಟೆ ಸೋಪಿನ ಪುಡಿ ಬೇಡ. ತಟಸ್ಥ ಪಿಎಚ್ ಇರುವ, ಅಂದರೆ ಆಮ್ಲವೂ ಕ್ಷಾರವೂ ಅಲ್ಲದ, ಉಪಕರಣದ ಸೋಪು ಅಥವಾ ಎಂಜೈಮ್ ದ್ರಾವಣ ಮೆಡಿಕಲ್ ಸರಬರಾಜು ಅಂಗಡಿಯಲ್ಲಿ ಸಿಗುತ್ತದೆ.

ಕೀಲು ಬಿಗಿಯಾಗಿದೆ. ಕೊಬ್ಬರಿ ಎಣ್ಣೆ ಬಿಡಬಹುದಾ?

ಬೇಡ. ಹೊಲಿಗೆ ಮಿಷನ್ ಎಣ್ಣೆಯೂ ಬೇಡ. ಎಣ್ಣೆಯ ಪದರ ದಾಟಿ ಹಬೆ ಒಳಗೆ ಹೋಗುವುದಿಲ್ಲ, ಆಟೋಕ್ಲೇವ್ ಮಾಡಿದ್ದೂ ವ್ಯರ್ಥ. ನೀರಿನಲ್ಲಿ ಕರಗುವ, ಉಪಕರಣಕ್ಕೆಂದೇ ಮಾಡಿದ ಲೂಬ್ರಿಕೆಂಟ್ ಹಾಕಿ. ಹಾಲಿನ ಬಣ್ಣ ಇರುತ್ತದೆ.

ಸ್ಪಿರಿಟ್ ಎಲ್ಲದಕ್ಕೂ ಆಗುತ್ತಾ?

ಶೇ. 70ರ ಸ್ಪಿರಿಟ್ ನಯವಾದ ಸಣ್ಣ ಮೇಲ್ಮೈಗೆ ಒಳ್ಳೆಯದು. ಶೇ. 99ರದ್ದು ಇನ್ನೂ ಒಳ್ಳೆಯದು ಎಂದು ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ರೋಗಾಣುವಿನ ಪ್ರೋಟೀನ್ ಕೆಡಿಸಲು ನೀರೂ ಬೇಕು. ಜೊತೆಗೆ ಅಪ್ಪಟ ಸ್ಪಿರಿಟ್ ಕೆಲಸ ಮುಗಿಯುವ ಮೊದಲೇ ಆರಿಹೋಗುತ್ತದೆ.

ಇದರ ಇನ್ನೊಂದು ಮುಖ ನೋಡಿ. ಸ್ಪಿರಿಟ್ ರಬ್ಬರನ್ನು ಗಡಸು ಮಾಡುತ್ತದೆ. ಅಕ್ರಿಲಿಕ್, ಪಾಲಿಕಾರ್ಬೊನೇಟ್ ತರಹದ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಮಂಜು ಕವಿದ ಹಾಗೆ ಮಾಡುತ್ತದೆ, ಕ್ರಮೇಣ ಕೂದಲೆಳೆಯಷ್ಟು ಬಿರುಕು ಬರುತ್ತದೆ. ಮಾನಿಟರ್ ಪರದೆಯ ಲೇಪವನ್ನೂ ತೆಗೆದುಬಿಡಬಹುದು. ಯಾವ ವಿದ್ಯುತ್ ಉಪಕರಣದ ಮೇಲೂ ನೇರವಾಗಿ ಸ್ಪ್ರೇ ಮಾಡಬೇಡಿ. ಬಟ್ಟೆಗೆ ಹಾಕಿ, ಹಿಂಡಿ, ಒರೆಸಿ. ಔಷಧಿಯ ಲೇಬಲ್ಲಿನಲ್ಲಿ ಎಷ್ಟು ನಿಮಿಷ ಎಂದಿದೆಯೋ ಅಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿರಬೇಕು. ಒರೆಸಿದ ಕೂಡಲೇ ಒಣಬಟ್ಟೆಯಲ್ಲಿ ತೀಡಿದರೆ ಒರೆಸಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಡೆಟ್ಟಾಲ್, ಸ್ಯಾವ್ಲಾನ್ ಹಾಕಿದ ನೀರಲ್ಲಿ ಇಟ್ಟರೆ?

ಅವು ಮುಖ್ಯವಾಗಿ ಚರ್ಮಕ್ಕೆ, ಗಾಯದ ಸುತ್ತ ಹಚ್ಚುವುದಕ್ಕೆ. ಅದರಲ್ಲಿ ಇಟ್ಟ ಫೋರ್ಸೆಪ್ಸ್ ಕ್ರಿಮಿಮುಕ್ತ ಆಗುವುದಿಲ್ಲ. ಹಳೇ ಕ್ಲಿನಿಕ್ಕುಗಳಲ್ಲಿ ಉದ್ದನೆ ಬಾಟಲಿಯೊಳಗೆ ಸ್ಯಾವ್ಲಾನ್ ನೀರು ಹಾಕಿ, ಚೀಟಲ್ ಫೋರ್ಸೆಪ್ಸ್ (ಕ್ರಿಮಿಮುಕ್ತ ವಸ್ತು ಎತ್ತಿಕೊಳ್ಳುವ ಉದ್ದನೆ ಇಕ್ಕಳ) ನಿಲ್ಲಿಸಿ, ದಿನಗಟ್ಟಲೆ ಅದೇ ನೀರಿನಲ್ಲಿ ಬಳಸುವುದುಂಟು. ತೆಳು ಮಾಡಿ ಇಟ್ಟ ಇಂಥ ನೀರಿನಲ್ಲೇ ಕೆಲವು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಆ ಬಾಟಲಿಯನ್ನು ದಯವಿಟ್ಟು ಇವತ್ತೇ ತೆಗೆದುಬಿಡಿ.

ನೆಬ್ಯುಲೈಸರ್ ದಿನಾ ತೊಳೆಯಬೇಕಾ? ಮಗುವಿಗೆ ಹಾಕುವುದು.

ಪ್ರತಿ ಸಲ ತೊಳೆಯಬೇಕು. ನೆಬ್ಯುಲೈಸರಿನ ಔಷಧಿ ಹಾಕುವ ಕಪ್ಪಿನಲ್ಲಿ ಉಳಿದ ಹನಿಯಲ್ಲಿ ಬೆಳೆದ ರೋಗಾಣು ಮುಂದಿನ ಸಲ ಹೊಗೆಯಾಗಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಕಪ್ಪು, ಮಾಸ್ಕ್, ಬಾಯಿಗಿಡುವ ತುದಿ ಬಿಚ್ಚಿ. ಉಳಿದ ಔಷಧಿ ಚೆಲ್ಲಿ. ಉಗುರುಬೆಚ್ಚನೆ ನೀರು, ಸ್ವಲ್ಪ ಸೌಮ್ಯ ಸೋಪು ಹಾಕಿ ತೊಳೆದು ಜಾಲಿಸಿ. ಕೊಡವಿ, ಶುದ್ಧ ಬಟ್ಟೆಯ ಮೇಲೆ ಬೋರಲು ಹಾಕಿ ಗಾಳಿಗೆ ಒಣಗಿಸಿ. ಕಪ್ಪಿನೊಳಗಿನ ಸಣ್ಣ ತೂತಿಗೆ ಪಿನ್ನು, ಸೂಜಿ ಚುಚ್ಚಬೇಡಿ. ತೂತು ಒಂದು ಕೂದಲೆಳೆಯಷ್ಟು ಅಗಲವಾದರೂ ಔಷಧಿ ಸರಿಯಾದ ಮಂಜಾಗಿ ಬರುವುದಿಲ್ಲ.

ದಿನಕ್ಕೊಮ್ಮೆ ಸೋಂಕುನಿವಾರಣೆ ಮಾಡಿ. ಕಪ್ಪನ್ನು ಕುದಿಸಬಹುದು ಎಂದು ಕೈಪಿಡಿಯಲ್ಲಿದ್ದರೆ 5 ನಿಮಿಷ ಕುದಿಸಿ. ಪಾತ್ರೆಯಲ್ಲಿ ನೀರು ಧಾರಾಳ ಇರಲಿ, ತಳ ಮುಟ್ಟಿದ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮೆತ್ತನೆ ಮಾಸ್ಕ್ ಕುದಿಸಬೇಡಿ, ಆಕಾರ ಕೆಡುತ್ತದೆ, ಮುಖಕ್ಕೆ ಕೂರುವುದಿಲ್ಲ. ವಿನಿಗರ್ ಹಾಕಿ ಅಂತ ಬಹಳ ಕಡೆ ಹೇಳುತ್ತಾರೆ. ಅದು ಸಾಕಾಗುವಷ್ಟು ಬಲವಾದದ್ದಲ್ಲ.

ಗಾಳಿಯ ಕೊಳವೆಯನ್ನು ನೀರಿಗೆ ಹಾಕಬೇಡಿ. ಒಳಗೆ ತೇವ ಕಂಡರೆ ಕಪ್ಪು ಬಿಚ್ಚಿ, ಕೊಳವೆ ಮಾತ್ರ ಇಟ್ಟು ಮಿಷನ್ ಎರಡು ಮೂರು ನಿಮಿಷ ಓಡಿಸಿ. ಮಿಷನ್ನನ್ನು ಒಣಗಿದ ಅಥವಾ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು, ಪ್ಲಗ್ ತೆಗೆದ ಮೇಲೆ.

ಬಿ.ಪಿ. ಪಟ್ಟಿ, ಸ್ಟೆಥಾಸ್ಕೋಪ್?

ಬಿ.ಪಿ. ಪಟ್ಟಿಯ ಒಳಗಿನ ರಬ್ಬರ್ ಚೀಲ, ಕೊಳವೆ ತೆಗೆಯಿರಿ. ವೆಲ್ಕ್ರೋ ಅಂಟಿಸಿ ಮುಚ್ಚಿ, ಹೊರಗಿನ ಬಟ್ಟೆಯನ್ನು ಸೌಮ್ಯ ಸೋಪಿನಲ್ಲಿ ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸಿ. ಇಸ್ತ್ರಿ ಬೇಡ, ಹೈಪೋ ಬೇಡ. ನೈಲಾನ್ ಲೇಪದ ಪಟ್ಟಿಯಾದರೆ ಒರೆಸಿದರೆ ಆಯಿತು.

ಸ್ಟೆಥಾಸ್ಕೋಪಿನ ಎದೆಗಿಡುವ ಭಾಗವನ್ನು ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹೋಗುವ ಮುಂಚೆ ಶೇ. 70ರ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ. ಅದ್ದಬೇಡಿ. ಕೊಳವೆ ಗಡಸಾಗುವುದಕ್ಕೆ ಕತ್ತಿನ ಬೆವರು, ಎಣ್ಣೆಯೂ ಕಾರಣ. ಕಾಲರ್ ಮೇಲೆ ಹಾಕಿಕೊಳ್ಳಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಡಬೇಡಿ.

ಶುಗರ್ ಮಿಷನ್ ಮನೆಯವರೆಲ್ಲ ಬಳಸಬಹುದಾ?

ಮಿಷನ್ ಬಳಸಬಹುದು, ಪ್ರತಿಯೊಬ್ಬರ ನಂತರ ಒರೆಸಿ. ಸ್ಟ್ರಿಪ್ ಹಾಕುವ ತೂತಿಗೆ ನೀರು, ಸ್ಪಿರಿಟ್ ಇಳಿಯಬಾರದು. ಬೆರಳು ಚುಚ್ಚುವ ಪೆನ್ನು ಮತ್ತು ಸೂಜಿ ಮಾತ್ರ ಗಂಡ ಹೆಂಡತಿ ನಡುವೆಯೂ ಹಂಚಿಕೊಳ್ಳುವಂಥದ್ದಲ್ಲ. ಹೆಪಟೈಟಿಸ್ ಬಿ ಹೀಗೆ ಹರಡುತ್ತದೆ.

ಅಪ್ಪನಿಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಹಾಕಿದ್ದೇವೆ. ನೀರಿನ ಬಾಟಲಿ ಹಸಿರಾಗಿದೆ.

ನಲ್ಲಿ ನೀರು ಹಾಕಿದ್ದೀರಿ ಅನ್ನಿಸುತ್ತದೆ. ಡಿಸ್ಟಿಲ್ಡ್ ನೀರು ಹಾಕಿ, ಸಿಗದಿದ್ದರೆ ಕುದಿಸಿ ಆರಿಸಿದ ನೀರು. ದಿನಾ ಹಳೇ ನೀರು ಚೆಲ್ಲಿ, ಬಾಟಲಿಯನ್ನು ಸೋಪಿನಲ್ಲಿ ತೊಳೆದು ಒಣಗಿಸಿ ಹೊಸ ನೀರು ಹಾಕಿ. ಇದ್ದದ್ದರ ಮೇಲೇ ತುಂಬಿಸುತ್ತಾ ಹೋಗಬೇಡಿ. ಹಸಿರು ಹೋಗದಿದ್ದರೆ ಬಾಟಲಿಯನ್ನೇ ಬದಲಿಸಿ, ದೊಡ್ಡ ಬೆಲೆಯದ್ದಲ್ಲ. ಹಿಂಬದಿಯ ಸ್ಪಂಜಿನ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಹಾಕಿ. ಕಾಫಿ ಕಣದಲ್ಲಿ ಧೂಳೇಳುವ ತಿಂಗಳುಗಳಲ್ಲಿ ಇನ್ನೂ ಬೇಗ ತುಂಬಿಕೊಳ್ಳುತ್ತದೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಮೂಗಿನ ಕೊಳವೆ ಒರೆಸಿದ ಸ್ಪಿರಿಟ್ ಪೂರ್ತಿ ಆರುವ ಮೊದಲು ಆಕ್ಸಿಜನ್ ಹಾಕಬೇಡಿ. ಮೂಗು ಒಣಗುತ್ತದೆ ಎಂದು ವ್ಯಾಸಲೀನ್, ಎಣ್ಣೆ ಹಚ್ಚಬೇಡಿ. ದೇವರ ದೀಪ, ಊದುಬತ್ತಿ, ಬೀಡಿ, ಗ್ಯಾಸ್ ಒಲೆ ಆ ಕೋಣೆಯ ಹತ್ತಿರ ಇರಬಾರದು. ಆಕ್ಸಿಜನ್ ಇದ್ದ ಕಡೆ ಸಣ್ಣ ಕಿಡಿಯೂ ದೊಡ್ಡ ಬೆಂಕಿ.

ಕುದಿಸಿದರೆ ಎಲ್ಲ ಸಾಯುತ್ತವಲ್ಲ? ಆಟೋಕ್ಲೇವ್ ಯಾಕೆ?

ಕುದಿಯುವ ನೀರಿಗೆ ಬಹುಪಾಲು ರೋಗಾಣು ಸಾಯುತ್ತವೆ, ಧನುರ್ವಾಯು ತರುವಂಥ ಬ್ಯಾಕ್ಟೀರಿಯಾದ ಬೀಜಕಗಳು (ಗಟ್ಟಿ ಕವಚದ ಸುಪ್ತ ರೂಪ) ಸಾಯುವುದಿಲ್ಲ. ಇನ್ನೊಂದು, ನಮ್ಮ ಊರುಗಳು ಎತ್ತರದಲ್ಲಿವೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ, ಹಾಸನ ಅದಕ್ಕಿಂತ ಸ್ವಲ್ಪ ಕೆಳಗೆ. ಇಲ್ಲಿ ನೀರು ಕುದಿಯುವುದೇ 96–97 ಡಿಗ್ರಿ ಸೆಲ್ಸಿಯಸ್‌ನಲ್ಲಿ.

ಕುಕ್ಕರಿನಂಥ ಸಣ್ಣ ಆಟೋಕ್ಲೇವ್ ಇರುವವರು ಇದನ್ನು ಗಮನಿಸಬೇಕು. 15 ಪೌಂಡ್ ಒತ್ತಡಕ್ಕೆ 121 ಡಿಗ್ರಿ ಎಂಬ ಲೆಕ್ಕ ಸಮುದ್ರಮಟ್ಟದ್ದು. ಸಾವಿರ ಮೀಟರ್ ಎತ್ತರದಲ್ಲಿ ಮುಳ್ಳು 15ರಲ್ಲೇ ನಿಂತರೂ ಒಳಗೆ ಬರುವುದು ಸುಮಾರು 119 ಡಿಗ್ರಿ. 121 ಬರಬೇಕಾದರೆ 16.5 ಪೌಂಡ್ ದಾಟಬೇಕು. ಹಾಗಂತ ವಾಲ್ವನ್ನು ನೀವೇ ಬಿಗಿ ಮಾಡಬೇಡಿ, ಅಪಾಯ. ಒತ್ತಡ ಎಷ್ಟಕ್ಕೆ ಇಡಬೇಕು, ಸಮಯ ಎಷ್ಟು ಹೆಚ್ಚಿಸಬೇಕು ಎಂದು ತಯಾರಕರ ಸರ್ವಿಸ್ ಮೆಕ್ಯಾನಿಕ್‌ನನ್ನು ಕೇಳಿ, ನಾವು ಇಷ್ಟು ಎತ್ತರದಲ್ಲಿದ್ದೇವೆ ಎಂದು ಬಾಯಿಬಿಟ್ಟು ಹೇಳಿ. ವಾಲ್ವ್ ಮುಚ್ಚುವ ಮೊದಲು ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗಬೇಕು. ಬಣ್ಣ ಬದಲಿಸುವ ಟೇಪು ಪೊಟ್ಟಣ ಬಿಸಿಗೆ ಒಳಗಾಗಿದೆ ಎಂದಷ್ಟೇ ಹೇಳುತ್ತದೆ. ಒದ್ದೆಯಾಗಿ ಹೊರಬಂದ ಪೊಟ್ಟಣವನ್ನು ಕ್ರಿಮಿಮುಕ್ತ ಎಂದು ಎಣಿಸಬೇಡಿ.

ತೊಳೆದ ಮೇಲೂ ಬಿಳಿ ಪುಡಿ ಕಾಣುತ್ತದೆ.

ಗಡಸು ನೀರು. ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್ ನೀರಿನವರಿಗೆ ಇದು ಗೊತ್ತಿರುವ ತೊಂದರೆ. ತೊಳೆಯಲು ಅದೇ ನೀರು ಇರಲಿ, ಕೊನೆಯ ಜಾಲಿಸುವಿಕೆಗೆ ಮಾತ್ರ ಡಿಸ್ಟಿಲ್ಡ್ ಅಥವಾ ಆರ್‌ಒ ನೀರು ಬಳಸಿ. ಆಟೋಕ್ಲೇವಿಗೆ ಡಿಸ್ಟಿಲ್ಡ್ ನೀರನ್ನೇ ಹಾಕಿ. ತಾನಾಗಿ ಒಣಗಲು ಬಿಡದೆ ನಾರು ಬಿಡದ ಬಟ್ಟೆಯಲ್ಲಿ ಒರೆಸಿದರೆ ಕಲೆ ಕಡಿಮೆ.

ಮಳೆಗಾಲದಲ್ಲಿ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತೆ. ಏನು ಮಾಡೋದು?

ಕೊಪ್ಪ, ಶೃಂಗೇರಿ, ಸಕಲೇಶಪುರದ ಮಳೆಗೆ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ಕೊಳವೆ ಎಲ್ಲಿ ಒಣಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸುವವರಿದ್ದಾರೆ. ಬೇಡ, ಹೊಗೆಯ ಜಿಡ್ಡು ಕೂರುತ್ತದೆ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಚೆನ್ನಾಗಿ ಕೊಡವಿ, ಫ್ಯಾನಿನ ಗಾಳಿಗೆ ಇಡಿ. ಒಣಗಿದ ಮೇಲೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿದರೆ ಬೂಷ್ಟು ಖಂಡಿತ.

ಬಾಡಿಗೆಗೆ ತಂದ ಗಾಳಿ ಹಾಸಿಗೆ, ಗಾಲಿಕುರ್ಚಿ, ಕಮೋಡ್ ಚೇರ್?

ತಂದ ದಿನವೇ ಸೋಪಿನ ನೀರಿನಲ್ಲಿ ಒರೆಸಿ, ಆಮೇಲೆ ಶೇ. 0.1 ಹೈಪೋ, 10 ನಿಮಿಷ ಬಿಟ್ಟು ಶುದ್ಧ ನೀರಿನಲ್ಲಿ ಮತ್ತೆ ಒರೆಸಿ. ಈ ಕೊನೆಯ ಒರೆಸುವಿಕೆ ಬಿಟ್ಟರೆ ಲೋಹದ ಬೋಲ್ಟುಗಳು ತುಕ್ಕು ಹಿಡಿಯುತ್ತವೆ, ರೆಗ್ಸಿನ್ ಬಿರಿಯುತ್ತದೆ. ಗಾಳಿ ಹಾಸಿಗೆಗೆ ಫಿನಾಯಿಲ್ ಹಾಕಬೇಡಿ, ಬಿಸಿಲಿಗೆ ಹಾಕಬೇಡಿ. ಎಳೆ ಮಕ್ಕಳ ತೊಟ್ಟಿಲು, ಹಾಸಿಗೆಗಂತೂ ಫಿನಾಯಿಲ್ ಹತ್ತಿರವೂ ಬೇಡ. ಫೋಮ್ ಹಾಸಿಗೆಯ ಹೊದಿಕೆಯಲ್ಲಿ ಸಣ್ಣ ಬಿರುಕಿದ್ದರೂ ಮೂತ್ರ ಒಳಗಿಳಿಯುತ್ತದೆ. ಅಂಥದ್ದನ್ನು ಅಂಗಡಿಗೆ ವಾಪಸ್ ಕೊಡಿ.

ತೊಳೆಯುವವರ ಕೈಗೆ, ಕಣ್ಣಿಗೆ ಏನೂ ಆಗಬಾರದಲ್ಲ?

ದಪ್ಪ ರಬ್ಬರ್ ಗ್ಲೌಸ್, ಪ್ಲಾಸ್ಟಿಕ್ ಏಪ್ರನ್, ಮಾಸ್ಕ್, ಕನ್ನಡಕ ಇರಲಿ. ಕಿಟಕಿ ತೆಗೆದಿರಲಿ. ಹೈಪೋ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಶ್ವಾಸಕೋಶಕ್ಕೆ ವಿಷ ಅದು. ಅಮೋನಿಯಾ, ಸ್ಪಿರಿಟ್ ಕೂಡ ಸೇರಿಸಬಾರದು. ಕೆಲವು ಕಡೆ ಈ ಕೆಲಸವನ್ನು ಹೊಸದಾಗಿ ಬಂದ ಆಯಾ ಅವರಿಗೆ ಏನೂ ಹೇಳಿಕೊಡದೆ ಬಿಟ್ಟುಬಿಡುತ್ತಾರೆ. ಗ್ಲೌಸ್ ಕೊಡದೆ ತೊಳೆಯಲು ಹೇಳುವುದು ಅನ್ಯಾಯ. ಎಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆ ಆಗಿರಬೇಕು.

ಒಂದೇ ಸಲ ಬಳಸಿ ಬಿಸಾಡಬೇಕಾದದ್ದನ್ನು ತೊಳೆದು ಬಳಸಬಹುದಾ?

ಇಲ್ಲ. ಸಿರಿಂಜ್, ಸೂಜಿ, ಐ.ವಿ. ಸೆಟ್ ಯಾವುದೂ ಇಲ್ಲ. ಎರಡರ ಅಂಕಿಯ ಮೇಲೆ ಅಡ್ಡಗೆರೆ ಎಳೆದ ಗುರುತು ಪೊಟ್ಟಣದ ಮೇಲಿದ್ದರೆ ಅರ್ಥ ಅದೇ.

ಹಾಗಾದರೆ ಉಪಕರಣ ಯಾವಾಗ ಬದಲಿಸಬೇಕು?

ಕತ್ತರಿಯ ಅಲಗಿನಲ್ಲಿ ಗುಳಿ ಬಿದ್ದರೆ, ಫೋರ್ಸೆಪ್ಸ್ ತುದಿಗಳು ಬೆಳಕಿಗೆ ಹಿಡಿದಾಗ ಸಂದು ಕಂಡರೆ, ಕೊಳವೆ ಬಗ್ಗಿಸಿದಾಗ ಬಿಳಿ ಗೆರೆ ಮೂಡಿದರೆ, ಮಾಸ್ಕಿನ ಅಂಚು ಗಟ್ಟಿಯಾಗಿದ್ದರೆ, ತೊಳೆದು ಒಣಗಿಸಿದ ಮೇಲೂ ಅಂಟಂಟು ಅಥವಾ ವಾಸನೆ ಇದ್ದರೆ ಬದಲಿಸಿ. ಮೂಗಿಗೆ ಹಾಕುವ ಆಕ್ಸಿಜನ್ ಕೊಳವೆಯನ್ನು ಎರಡು ವಾರಕ್ಕೊಮ್ಮೆ ಬದಲಿಸುವುದು ವಾಡಿಕೆ. ನೆಗಡಿ, ಜ್ವರ ಬಂದು ಹೋದ ಮೇಲೆ ಅದಕ್ಕೂ ಮೊದಲೇ ಬದಲಿಸಿ. ಗಾಲಿಕುರ್ಚಿಯ ಸೀಟು ಹರಿದಿದ್ದರೆ ಇಡೀ ಕುರ್ಚಿ ಬಿಸಾಡಬೇಕಿಲ್ಲ, ಸೀಟಿನ ರೆಗ್ಸಿನ್ ಬದಲಿಸುವವರು ಊರಲ್ಲೇ ಸಿಗುತ್ತಾರೆ. ಬಿಸಾಡುವುದನ್ನು ಮನೆಯ ಕಸಕ್ಕೆ ಸೇರಿಸಬೇಡಿ. ರಕ್ತ ತಾಗಿದ ಪ್ಲಾಸ್ಟಿಕ್, ಚೂಪಾದ ವಸ್ತುಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಎಲ್ಲಿ ಕೊಡಬೇಕೆಂದು ಕೇಳಿ ಅಲ್ಲಿಗೇ ಕೊಡಿ.